ಮೇಷ್ಟ್ರು ಮಾವನ ಶೀತ

ಮನೆ, ಅಡುಗೆಮನೆಯ ಮೇಜು
ಭಾನುವಾರ, ಮಾರ್ಚ್ ೯

ಪ್ರೀತಿಯ ಮರಿಗೂಬೆಗೆ,

ಹೇಗಿದ್ದೀಯ? ‘ಚೆನ್ನಾಗಿದ್ದೀನಿ ಕಣಕ್ಕ’ ಎಂಬ ನಿನ್ನ ಸಿದ್ಧ ಉತ್ತರ ನನಗೆ ಬೇಡ. ಅದನ್ನು ಅಮ್ಮನಿಗೆ ಕೊಡು, ಆಕೆಗೆ ಅಷ್ಟೇ ಸಾಕು. ನನಗೆ ಲೆಕ್ಕವಾಗಿ ಹೇಳು. ಬೆಳಿಗ್ಗೆ ಎದ್ದ ಮೇಲೆ ಬೆನ್ನು ಎಷ್ಟು ಹೊತ್ತು ಹಲಗೆಯಾಗಿರುತ್ತದೆ? ಬಗ್ಗಿ ಶೂ ಲೇಸು ಕಟ್ಟಿಕೊಳ್ಳುತ್ತೀಯೋ, ಇಲ್ಲ ಹಿಂದಿನ ದಿನದ ಗಂಟಿನಲ್ಲೇ ಕಾಲು ತೂರಿಸುತ್ತೀಯೋ? ಬಂದರಿನಲ್ಲಿ ನಿನ್ನ ಕ್ರೇನಿನ ಏಣಿ ಹತ್ತುವಾಗ ನಡುವೆ ಎಷ್ಟು ಸಲ ನಿಲ್ಲುತ್ತೀಯ? ಕುತ್ತಿಗೆ ತಿರುಗುವುದಿಲ್ಲವೆಂದು ಇಡೀ ಮೈಯನ್ನೇ ತಿರುಗಿಸಿ ನೋಡುತ್ತೀಯೆಂದು ನಿನ್ನ ಹೆಂಡತಿ ಹೇಳಿದಳು. ಹಾಗಾದರೆ ಚಿಕ್ಕಂದಿನಲ್ಲಿ ನಿನಗೆ ಗೂಬೆ ಎಂದು ಹೆಸರಿಟ್ಟದ್ದು ನನ್ನ ತಪ್ಪು. ಗೂಬೆಗೆ ಕುತ್ತಿಗೆಯಾದರೂ ತಿರುಗುತ್ತದೆ.

ಇಪ್ಪತ್ತನೇ ತಾರೀಕು ನಿನಗೆ ಮೊದಲ ಇಂಜೆಕ್ಷನ್ ಎಂದು ಗೊತ್ತಾಯಿತು. ನನಗೆ ಕೊಡುತ್ತಿದ್ದದ್ದೂ ಅದೇ ಜಾತಿಯದು. ನನ್ನದು ಕೈಕೀಲಿನ ರೋಗ, ನಿನ್ನದು ಬೆನ್ನುಮೂಳೆಯ ಕೀಲಿನದು. ಎರಡೂ ಒಂದೇ ಮನೆತನದ ಕೂಸುಗಳು ಎಂದು ನನ್ನ ಡಾಕ್ಟರಮ್ಮ ಹೇಳುತ್ತಾರೆ. ಆ ವಿಷಯಕ್ಕೇ ಈ ಕಾಗದ. ಫೋನಿನಲ್ಲಿ ಹೇಳಿದರೆ ನೀನು ‘ಆಮೇಲೆ ನೋಡೋಣ ಬಿಡಕ್ಕ’ ಎಂದು ಇಟ್ಟುಬಿಡುತ್ತೀಯ. ಕಾಗದವನ್ನಾದರೆ ಎರಡು ಸಲ ಓದುತ್ತೀಯ. ಮೊದಲ ಸಲ ಸಿಟ್ಟಿನಲ್ಲಿ, ಎರಡನೆಯ ಸಲ ಬುದ್ಧಿಯಲ್ಲಿ. ಎರಡನೆಯ ಸಲ ಓದುವವರೆಗೆ ನನಗೆ ಉತ್ತರ ಬರೆಯಬೇಡ.

ನಿನಗೆ ಪೂರ್ತಿ ಕಥೆ ಗೊತ್ತಿಲ್ಲ, ಆದ್ದರಿಂದ ಮೊದಲಿನಿಂದ ಹೇಳುತ್ತೇನೆ. ಎರಡು ವರ್ಷದ ಹಿಂದೆ ನನ್ನ ಬೆರಳುಗಳು ಹೇಗಿದ್ದವೆಂದರೆ ಬೆಳಿಗ್ಗೆ ನಲ್ಲಿ ತಿರುಗಿಸಲು ಮೊಣಕೈ ಬಳಸುತ್ತಿದ್ದೆ. ನನ್ನ ಕೆಲಸ ನಿನಗೆ ಗೊತ್ತಲ್ಲ, ಊರಿನ ಬಾಯಿಗೆಲ್ಲ ಹಲ್ಲು ಕಟ್ಟುವುದು. ಇಪ್ಪತ್ತೆಂಟು ಹಲ್ಲನ್ನು ಒಂದೊಂದಾಗಿ ಮೇಣದಲ್ಲಿ ಕೂರಿಸಬೇಕು, ಸ್ಪಿರಿಟ್ ದೀಪದಲ್ಲಿ ಕಾಯಿಸಿದ ಚಾಕುವಿನಿಂದ ಸುತ್ತಲೂ ಸವರಬೇಕು. ಕೂದಲೆಳೆಯಷ್ಟು ಓರೆಯಾದರೆ ಆ ಮನುಷ್ಯ ಆಯುಷ್ಯಪೂರ್ತಿ ಒಂದೇ ಕಡೆಯಿಂದ ಅಗಿಯುತ್ತಾನೆ. ಚಾಕು ಕೈಯಿಂದ ಜಾರತೊಡಗಿದಾಗ ಲ್ಯಾಬಿನ ಯಜಮಾನ ನನ್ನನ್ನು ಅಚ್ಚು ತೊಳೆಯುವ ತೊಟ್ಟಿಯ ಮುಂದೆ ನಿಲ್ಲಿಸಿದ. ಹತ್ತೊಂಬತ್ತು ವರ್ಷ ಹಲ್ಲು ಕಟ್ಟಿದವಳು ಪ್ಲಾಸ್ಟರ್ ತೊಳೆಯುವುದು! ತಣ್ಣೀರಿನಲ್ಲಿ ಬೇರೆ. ಅದಕ್ಕಿಂತ ದೊಡ್ಡ ಹಿಂಸೆ ಬಂದುಹೋಗುವವರ ಬಾಯಿ. ಎದುರುಮನೆಯ ವಿಮೆಯವನು ತಾಮ್ರದ ಬಳೆ ಹಾಕಿಕೋ ಎಂದ. ಅವನ ಹೆಂಡತಿ ಟೊಮೇಟೊ ಬಿಡು ಎಂದಳು. ವಿಮೆಯವನ ತಮ್ಮ, ಎಂದೂ ಒಂದು ಮೊಳೆ ಹೊಡೆದವನಲ್ಲ, ‘ಮನಸ್ಸು ಗಟ್ಟಿ ಇದ್ರೆ ಕೈಯೂ ಗಟ್ಟಿ ಇರುತ್ತೆ ಅಕ್ಕಾ’ ಎಂದು ಉಪದೇಶ ಮಾಡಿದ. ಅವನ ಮುಂದಿನ ಹಲ್ಲು ಅಲ್ಲಾಡುತ್ತಿದೆ, ನೋಡಿಟ್ಟುಕೊಂಡಿದ್ದೇನೆ. ಒಂದು ದಿನ ನನ್ನ ಮೇಜಿಗೇ ಬರುತ್ತಾನೆ.

ಮಾತ್ರೆಗಳಿಂದ ಆಗಲಿಲ್ಲ. ಕೊನೆಗೆ ಡಾಕ್ಟರಮ್ಮ ಇಂಜೆಕ್ಷನ್ ಎಂದರು. ಬಯಾಲಜಿಕ್ ಎನ್ನುತ್ತಾರೆ; ಜೀವಕೋಶಗಳಲ್ಲಿ ಬೆಳೆಸಿ ತೆಗೆದ ಔಷಧಿಯಂತೆ, ನುಂಗಿದರೆ ಹೊಟ್ಟೆಯಲ್ಲೇ ಜೀರ್ಣವಾಗಿ ಹೋಗುತ್ತದೆ, ಆದ್ದರಿಂದ ಚುಚ್ಚಬೇಕು. ಅವರು ಹೇಳಿದ್ದನ್ನು ಹಾಗೇ ಬರೆಯುತ್ತೇನೆ, ಏಕೆಂದರೆ ಇಡೀ ಕಥೆಯಲ್ಲಿ ಬುದ್ಧಿಯ ಮಾತು ಇದೊಂದೇ: ‘ನಿಮ್ಮ ಮೈ ಕಾಯೋ ಕಾವಲುಗಾರನೇ ಮನೆಯವರನ್ನ ಹೊಡೀತಿದಾನೆ. ಈ ಔಷಧಿ ಅವನ ಕೈ ಕಟ್ಟುತ್ತೆ. ಆದ್ರೆ ಒಳಗೆ ಎಲ್ಲೋ ಕಳ್ಳ ಮಲಗಿದ್ರೆ, ಆಮೇಲೆ ಎದ್ದರೆ, ತಡೆಯೋರು ಯಾರೂ ಇರಲ್ಲ. ಅದಕ್ಕೇ ಕೇಳ್ತೀನಿ, ಮನೇಲಿ ಯಾರಿಗಾದ್ರೂ ಕ್ಷಯ ಇತ್ತಾ?’ ಎದೆಯ ಎಕ್ಸ್-ರೇ, ರಕ್ತಪರೀಕ್ಷೆ ಎರಡೂ ಸರಿಯಾಗಿಯೇ ಬಂದಿದ್ದವು. ಆದರೆ ನನ್ನಂತೆ ವರ್ಷಗಟ್ಟಲೆ ಆ ಮಾತ್ರೆಗಳನ್ನು ನುಂಗಿದವರಲ್ಲಿ ಪರೀಕ್ಷೆ ಕೆಲವು ಸಲ ಸುಳ್ಳು ಹೇಳುತ್ತದೆ, ಆದ್ದರಿಂದ ಬಾಯಿಂದ ಕೇಳಲೇಬೇಕು ಎಂದರು. ಪಾಪ, ಅವರಿಗೇನು ಗೊತ್ತು, ಪರೀಕ್ಷೆಗಿಂತ ಚೆನ್ನಾಗಿ ಸುಳ್ಳು ಹೇಳುವ ವಂಶ ಎದುರಿಗೇ ಕೂತಿದೆ ಎಂದು!

ಅಮ್ಮ ನನ್ನ ಪಕ್ಕದಲ್ಲಿದ್ದಳು. ಕೇಳಿ ಮುಗಿಯುವ ಮೊದಲೇ ‘ಅಯ್ಯೋ, ನಮ್ಮನೇಲಿ ಅಂಥದ್ದೆಲ್ಲ ಇಲ್ಲ ಡಾಕ್ಟ್ರೇ’ ಎಂದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ. ಡಾಕ್ಟರಮ್ಮ ನನ್ನ ಮುಖ ನೋಡಿದರು. ನಾನೂ ಇಲ್ಲವೆಂದು ತಲೆಯಾಡಿಸಿದೆ. ಹೌದು, ನಾನೇ. ಊರವರ ಹಲ್ಲು ಎಣಿಸುವವಳು ಸ್ವಂತ ಬಾಯಿ ಬಿಡಲಿಲ್ಲ. ಈ ಕಾಗದದಲ್ಲಿ ಯಾರ್‍ಯಾರನ್ನು ಬೈದಿದ್ದೇನೋ ಅವರೆಲ್ಲರಿಗಿಂತ ಮುಂದಿನ ಸಾಲಿನಲ್ಲಿ ನನ್ನನ್ನೇ ಕೂರಿಸಿಕೊಂಡಿದ್ದೇನೆ.

ಮೇಷ್ಟ್ರು ಮಾವನ ನೆನಪು ನಿನಗೆ ಎಷ್ಟಿದೆಯೋ. ಅಮ್ಮನ ತಮ್ಮ, ಶಾಲೆಯಲ್ಲಿ ಭೂಗೋಳ ಹೇಳುತ್ತಿದ್ದವರು. ನನಗೆ ಒಂಬತ್ತು, ನಿನಗೆ ಐದು. ನಮ್ಮ ಹಿಂದಿನ ಕೋಣೆಯಲ್ಲಿ ಒಂದೂವರೆ ವರ್ಷ ಮಲಗಿದ್ದು ಅಲ್ಲೇ ಹೋದರು. ಅವರಿಗೆ ಏನಾಗಿತ್ತು? ಶೀತ. ಹಾಲಿನವನು ಕೇಳಿದರೆ ಶೀತ, ಶಾಲೆಯವರು ಕೇಳಿದರೆ ಎದೆಶೀತ, ತಟ್ಟೆ ಲೋಟ ಬೇರೆ ಇಟ್ಟದ್ದೇಕೆಂದು ನಾನು ಕೇಳಿದರೆ ‘ಶೀತ ಅಂಟುತ್ತೆ ಪುಟ್ಟಿ’. ಹೊರಗೆ ಒಣಗಿಹಾಕಿದ ಕರವಸ್ತ್ರಗಳಲ್ಲಿ ತೊಳೆದರೂ ಹೋಗದ ಕಂದುಕಲೆ ಇರುತ್ತಿತ್ತು. ಜಗತ್ತಿನಲ್ಲಿ ಒಂದೂವರೆ ವರ್ಷ ಶೀತವಾಗಿ ಸತ್ತವರು ನಮ್ಮ ಮಾವ ಒಬ್ಬರೇ ಇರಬೇಕು. ಈ ಪದವನ್ನು ಹುಡುಕಿ ಕೊಟ್ಟವಳು ದೊಡ್ಡಮ್ಮ. ಆಗ ಅವಳ ಮಗಳಿಗೆ ಗಂಡು ನೋಡುತ್ತಿದ್ದರು, ಮನೆತನಕ್ಕೆ ಮಸಿ ಹತ್ತಬಾರದಿತ್ತು. ಮದುವೆಯೇನೋ ಆಯಿತು. ಆ ಅಳಿಯ ಮೂರೇ ವರ್ಷಕ್ಕೆ ಇನ್ನೊಬ್ಬಳ ಜೊತೆ ಹೋದ. ಅದಕ್ಕೆ ಮಾತ್ರ ದೊಡ್ಡಮ್ಮನ ಹತ್ತಿರ ಯಾವ ಪದವೂ ಇರಲಿಲ್ಲ. ಒಂದು ಮಾತು ಹೇಳುತ್ತೇನೆ, ನಗಬೇಡ: ಆಕೆ ಇಂದಿಗೂ ನನಗೆ ಬುದ್ಧಿ ಹೇಳುವುದು ನಾನು ಕಟ್ಟಿಕೊಟ್ಟ ಹಲ್ಲಿನಿಂದ. ಸ್ವಲ್ಪ ಓರೆಯಾಗಿ ಕಟ್ಟಬಹುದಿತ್ತು ಎಂದು ಈಗ ಅನ್ನಿಸುತ್ತಿದೆ.

ಇಂಜೆಕ್ಷನ್ ಶುರುವಾಯಿತು. ದಪ್ಪ ಪೆನ್ನಿನ ಥರ ಇರುತ್ತದೆ, ಫ್ರಿಜ್ಜಿನಲ್ಲಿ ಹಾಲಿನ ಪಕ್ಕ ಇಟ್ಟಿರುತ್ತಿದ್ದೆ. ಹದಿನೈದು ದಿನಕ್ಕೊಮ್ಮೆ ಹೊರಗೆ ತೆಗೆದು ಅರ್ಧ ಗಂಟೆ ಬಿಟ್ಟು ತೊಡೆಗೆ ಒತ್ತಿಕೊಳ್ಳುವುದು. ಟಕ್ ಎನ್ನುತ್ತದೆ, ಹತ್ತು ಎಣಿಸಬೇಕು, ಮುಗಿಯಿತು. ಸುಳ್ಳು ಹೇಳುವುದಿಲ್ಲ, ಔಷಧಿಯ ಮೇಲೆ ನನಗೆ ಒಂದಿಷ್ಟೂ ದೂರಿಲ್ಲ. ಮೂರನೇ ತಿಂಗಳಿಗೆ ಒಂದು ಬೆಳಿಗ್ಗೆ ಹಲ್ಲುಜ್ಜಿ ಮುಗಿಸಿದ ಮೇಲೆ ನೆನಪಾಯಿತು, ಪೇಸ್ಟಿನ ಮುಚ್ಚಳವನ್ನು ನಾನೇ ತೆಗೆದಿದ್ದೆ, ಯೋಚನೆಯೇ ಇಲ್ಲದೆ. ಅಲ್ಲೇ ಬಚ್ಚಲಲ್ಲಿ ಕೂತು ಅತ್ತೆ. ಮತ್ತೆ ನನ್ನ ಮೇಜಿಗೆ ಹೋದೆ. ಮೊದಲ ಪೂರ್ತಿ ಸೆಟ್ಟು ಒಬ್ಬ ನಿವೃತ್ತ ರೈಲ್ವೆ ಗಾರ್ಡನದು. ಹಾಕಿಕೊಂಡು ಸೀಟಿ ಊದಿ ತೋರಿಸಿದ. ಯಜಮಾನ ತಾನೇ ನನ್ನ ರೋಗ ವಾಸಿಮಾಡಿದವನಂತೆ ಎದೆಯುಬ್ಬಿಸಿ ನಿಂತಿದ್ದ.

ಒಂದು ವರ್ಷ ಹೀಗೆ ನಡೆಯಿತು. ಜನವರಿಯಲ್ಲಿ ಸಂಜೆಯಾದರೆ ಮೈ ಕಾಯತೊಡಗಿತು. ರವಿಕೆ ಸಡಿಲವಾಯಿತು. ಬಲಗಡೆ ಮಲಗಿದರೆ ಪಕ್ಕೆಯಲ್ಲಿ ಚುಚ್ಚುತ್ತಿತ್ತು. ಕೆಲಸ ಹೆಚ್ಚಾಯಿತು ಎಂದುಕೊಂಡೆ. ದೊಡ್ಡಮ್ಮ ನೋಡಲು ಬಂದವಳು ಹಣೆ ಮುಟ್ಟಿ, ಅಮ್ಮನ ಕಡೆ ತಿರುಗಿ, ‘ಏನಿಲ್ಲ ಬಿಡೇ, ಶೀತ’ ಎಂದಳು. ಅಮ್ಮನೂ ‘ಹೂಂ, ಶೀತಾನೇ’ ಎಂದಳು. ಇಬ್ಬರೂ ಮುಖ ಮುಖ ನೋಡಿಕೊಳ್ಳಲಿಲ್ಲ. ಮೂವತ್ತೈದು ವರ್ಷದ ಹಿಂದೆ ಹೇಗೆ ಹೇಳಿದ್ದರೋ ಅದೇ ದನಿ. ಆಗ ನನಗೆ ಗೊತ್ತಾಯಿತು, ತಮ್ಮಾ. ಎಕ್ಸ್-ರೇಗಿಂತ ಮೊದಲೇ. ಮರುದಿನ ಒಬ್ಬಳೇ ಆಸ್ಪತ್ರೆಗೆ ಹೋಗಿ ಡಾಕ್ಟರಮ್ಮನ ಮುಂದೆ ಎಲ್ಲವನ್ನೂ ಕಕ್ಕಿದೆ. ಶ್ವಾಸಕೋಶದ ಹೊರಪೊರೆಯಲ್ಲಿ ನೀರು ತುಂಬಿತ್ತು, ಎರಡು ದಿನದ ಮೇಲೆ ಅಮ್ಮನ ಎದುರಿಗೇ ಸೂಜಿ ಹಾಕಿ ತೆಗೆದರು. ಕ್ಷಯವೇ. ಮಲಗಿದ್ದ ಕಳ್ಳ ಎದ್ದು ಕೂತಿದ್ದ.

ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಫೈಲು ತೆಗೆದು, ‘ಮನೆಯಲ್ಲಿ ಇಲ್ಲ’ ಎಂದು ತಾವೇ ಬರೆದದ್ದನ್ನು ಹೊಡೆದುಹಾಕಿದರು. ‘ಅವತ್ತೇ ಹೇಳಿದ್ರೆ ಮೊದಲು ಅದಕ್ಕೊಂದು ಮಾತ್ರೆ ಶುರು ಮಾಡಿ, ಒಂದು ತಿಂಗಳು ತಡವಾಗಿ ಇಂಜೆಕ್ಷನ್ ಕೊಡ್ತಿದ್ದೆ, ಅಷ್ಟೇ’ ಎಂದರು. ಒಂದು ತಿಂಗಳು, ಕೇಳಿದೆಯಾ? ಉಗುರಿನಲ್ಲಿ ಹೋಗುತ್ತಿದ್ದದ್ದಕ್ಕೆ ಈಗ ಕೊಡಲಿ ಹಿಡಿದು ಕೂತಿದ್ದೇವೆ. ಇಂಜೆಕ್ಷನ್ ನಿಂತಿದೆ. ಕ್ಷಯದ ಮಾತ್ರೆ ನುಂಗುತ್ತಿದ್ದೇನೆ, ಮೂತ್ರ ಕಿತ್ತಳೆ ಬಣ್ಣ. ಅದು ಹತೋಟಿಗೆ ಬಂದ ಮೇಲೆ ಬೇರೆ ಜಾತಿಯ ಇಂಜೆಕ್ಷನ್ ಯೋಚಿಸೋಣ ಎಂದಿದ್ದಾರೆ. ಅಲ್ಲಿಯವರೆಗೆ ಬೆರಳುಗಳು ಮತ್ತೆ ಬಾತುಕೊಳ್ಳುತ್ತಿವೆ. ಈ ಕಾಗದ ನಾಲ್ಕು ದಿನದಿಂದ ಬರೆಯುತ್ತಿದ್ದೇನೆ, ಅಕ್ಷರ ನೋಡಿದರೆ ನಿನಗೇ ತಿಳಿಯುತ್ತದೆ.

ಇನ್ನು ನಿನ್ನ ವಿಷಯ. ಹೋದ ವಾರ ನಮ್ಮ ಹಜಾರದಲ್ಲಿ ಸಭೆ ಸೇರಿತ್ತು. ಅಧ್ಯಕ್ಷತೆ ದೊಡ್ಡಮ್ಮನದು. ನನಗೆ ಹೀಗಾಗಿದ್ದು ನಿನಗೆ ತಿಳಿಸಬಾರದು ಎಂದು ತೀರ್ಮಾನ. ತಿಳಿದರೆ ನೀನು ಆಸ್ಪತ್ರೆಯಲ್ಲಿ ಬಾಯಿಬಿಡುತ್ತೀಯ, ಇಂಜೆಕ್ಷನ್ ಮುಂದಕ್ಕೆ ಹೋಗುತ್ತದೆ, ನಿನ್ನನ್ನು ಕ್ರೇನಿನಿಂದ ಇಳಿಸುತ್ತಾರೆ, ‘ಹುಡುಗನ ಅನ್ನಕ್ಕೆ ಕಲ್ಲು ಹಾಕಿದ ಹಾಗಾಗುತ್ತೆ’. ಎಂಥ ಕಾಳಜಿ! ಮಗಳ ಎದೆಯಿಂದ ಒಂದು ಲೀಟರು ನೀರು ತೆಗೆದದ್ದನ್ನು ಕಣ್ಣಾರೆ ಕಂಡ ಮೇಲೂ ಅಮ್ಮ ಆ ಸಭೆಯಲ್ಲಿ ತಲೆಯಾಡಿಸಿದಳು. ನನಗೆ ಸಿಟ್ಟು ಬರಲಿಲ್ಲ, ಹೇಸಿಗೆಯಾಯಿತು. ಇವರಿಗೆ ಮಕ್ಕಳು ಬದುಕುವುದಕ್ಕಿಂತ ಪಕ್ಕದ ಮನೆಯವರಿಗೆ ಗೊತ್ತಾಗದೆ ಸಾಯುವುದು ಮೇಲು.

ನಿನ್ನ ಪರೀಕ್ಷೆಗಳು ಸರಿಯಾಗಿ ಬಂದಿವೆ ಎಂದು ಮೆರೆಯಬೇಡ, ನನ್ನವೂ ಬಂದಿದ್ದವು. ಇಪ್ಪತ್ತರಂದು ಡಾಕ್ಟರು ಆ ಪ್ರಶ್ನೆ ಕೇಳುತ್ತಾರೆ. ಮಾವನ ವಿಷಯವನ್ನೂ ನನ್ನ ವಿಷಯವನ್ನೂ ಬಿಡದೆ ಹೇಳು. ಒಂದು ತಿಂಗಳು ಕ್ರೇನು ಹತ್ತದಿದ್ದರೆ ಬಂದರು ಮುಳುಗಿಹೋಗುವುದಿಲ್ಲ. ನೀನು ಹೆದರುಪುಕ್ಕಲ, ಯಾರಾದರೂ ಜೋರಾಗಿ ಕೇಳಿದರೆ ‘ಇಲ್ಲ ಸಾರ್’ ಎನ್ನುವವನು. ಅದಕ್ಕೇ ಇಷ್ಟು ಬೈದು ಬರೆದದ್ದು. ನನಗೆ ಇರುವವನು ನೀನೊಬ್ಬ, ಕತ್ತೆ.

ನಿನ್ನ ಹೆಂಡತಿಗೆ ನನ್ನ ನೆನಪು ಹೇಳು. ಮಗಳಿಗೆ ಹಾಲುಹಲ್ಲು ಬಿದ್ದರೆ ಎಸೆಯಬಾರದು, ಅತ್ತೆಗೆ ನೋಡಬೇಕಂತೆ ಎಂದು ಹೇಳಿಡು. ಬೆನ್ನಿಗೆ ಬಿಸಿನೀರು, ಬಾಯಿಗೆ ನಿಜ, ಎರಡನ್ನೂ ತಪ್ಪಿಸಬೇಡ.

ನಿನ್ನ ಒಳ್ಳೆಯದನ್ನೇ ಬಯಸುವ,
ಹಲ್ಲಿನಕ್ಕ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಅಮ್ಮ ಬಂದು ಕೈಚಾಚಿದಳು, ಕೆಳಗೆ ತನ್ನದೊಂದು ಆಶೀರ್ವಾದ ಬರೆಯಲು. ಬೇಕೆಂದೇ ಕೊಟ್ಟೆ. ನಿಂತುಕೊಂಡೇ ಪೂರ್ತಿ ಓದಿದಳು. ಹರಿಯುತ್ತಾಳೆ ಎಂದುಕೊಂಡೆ. ಕುರ್ಚಿ ಎಳೆದು ಕೂತು, ‘ಒಂದು ಬಿಟ್ಟುಹೋಗಿದೆ, ಬರ್ಕೋ’ ಎಂದಳು. ಅವಳು ಹೇಳಿದಂತೆ ಬರೆಯುತ್ತಿದ್ದೇನೆ, ಡಾಕ್ಟರಿಗೆ ಇದೇ ಮುಖ್ಯ. ಮಾವ ಹೋದ ಮರುವರ್ಷ ನಿನಗೆ ಎರಡು ತಿಂಗಳು ಕೆಮ್ಮು, ಸಂಜೆ ಜ್ವರ. ಆಸ್ಪತ್ರೆಗೆ ಕರೆದೊಯ್ದರೆ ಗುಟ್ಟು ರಟ್ಟಾಗುತ್ತದೆಂದು ಇವಳು ಮಾವನ ಉಳಿದ ಮಾತ್ರೆಗಳನ್ನು ದಿನಕ್ಕೆ ಅರ್ಧದಂತೆ ಸಕ್ಕರೆಯಲ್ಲಿ ಅರೆದು ನಿನಗೆ ತಿನ್ನಿಸಿದಳು. ಡಬ್ಬಿ ಖಾಲಿಯಾದಾಗ ನಿಲ್ಲಿಸಿದಳು. ಮೂರು ವಾರವೋ ನಾಲ್ಕೋ, ನೆನಪಿಲ್ಲವಂತೆ. ಕೆಮ್ಮು ಹೋಯಿತು, ಇವಳು ಸುಮ್ಮನಾದಳು. ಅಂದರೆ ನೀನು ಬರೀ ರೋಗಿಯ ಮನೆಯಲ್ಲಿದ್ದವನಲ್ಲ, ಬಹುಶಃ ರೋಗ ಬಂದು ಅರೆಬರೆ ಔಷಧಿ ತಿಂದವನು. ‘ಅವನಿಗೂ ಕ್ಷಯ ಇತ್ತು ಅಂತ ಬರಿ’ ಎಂದಳು. ಆ ಪದ ಅವಳ ಬಾಯಲ್ಲಿ ಕೇಳಿದ್ದು ಇದೇ ಮೊದಲು. ಆಶೀರ್ವಾದ ಬರೆಯದೆ ಎದ್ದುಹೋಗಿ ಈಗ ಚೀಲ ತುಂಬುತ್ತಿದ್ದಾಳೆ. ಹೊರಡಲು ಇನ್ನೂ ಒಂದು ವಾರವಿದೆ ಎಂದರೂ ಕೇಳುತ್ತಿಲ್ಲ. ಹತ್ತೊಂಬತ್ತರ ಸಂಜೆ ಅವಳನ್ನು ಇಳಿಸಿಕೊಳ್ಳಲು ನಿನ್ನೂರ ಬಸ್ ನಿಲ್ದಾಣಕ್ಕೆ ಹೋಗು. ಡಾಕ್ಟರ ಮುಂದೆ ತಾನೇ ಹೇಳುತ್ತಾಳಂತೆ. ಕಾಗದ ನಿನ್ನ ಜೇಬಿನಲ್ಲೇ ಇರಲಿ. ಅಲ್ಲಿ ಅವಳ ಬಾಯಿ ಕಟ್ಟಿದರೆ ಈ ಹಾಳೆಯನ್ನು ಅವರ ಮೇಜಿನ ಮೇಲಿಡು; ಆದರೆ ಮೊದಲು ಅವಳಿಗೆ ಒಂದು ನಿಮಿಷ ಕೊಡು.