ಎಡಗಡೆಯ ಕುರ್ಚಿ

ಸೋಮವಾರ ಸಂಜೆ
ಕಲ್ಲಿನ ಪ್ರಯೋಗಾಲಯದಿಂದ

ಭೂಗೋಳ ವಿಭಾಗದ ಮುಖ್ಯಸ್ಥರಿಗೆ, ಪಕ್ಕದ ಭೂಗರ್ಭಶಾಸ್ತ್ರ ವಿಭಾಗದ ಮುಖ್ಯಸ್ಥೆಯ ನಮಸ್ಕಾರಗಳು.

ನಮ್ಮಿಬ್ಬರ ವಿಭಾಗಗಳ ನಡುವಿನ ಪ್ಲೈವುಡ್ ಗೋಡೆಯನ್ನು ಸದ್ಯದಲ್ಲೇ ಕೀಳಿಸುತ್ತಾರಂತೆ. ನಿಮ್ಮ ಕಡೆ ತಗುಲಿಹಾಕಿರುವ ನಕ್ಷೆಗಳನ್ನು ಮೊದಲೇ ಇಳಿಸಿಕೊಳ್ಳಿ. ಬಡಗಿಗೆ ನಕ್ಷೆಯೂ ಒಂದೇ, ರದ್ದಿ ಕಾಗದವೂ ಒಂದೇ. ನನ್ನ ಕಡೆಯ ಕಲ್ಲಿನ ಬೀರುಗಳನ್ನು ನಾನು ಸರಿಸಿಕೊಳ್ಳುತ್ತೇನೆ. ಹಜಾರದ ದೊಡ್ಡ ಗ್ಲೋಬು ಯಾರಿಗೆ ಸೇರಿದ್ದು ಎಂಬ ನಮ್ಮ ವ್ಯಾಜ್ಯ ಇನ್ನು ತಾನಾಗಿಯೇ ಮುಗಿಯುತ್ತದೆ. ಇಷ್ಟು ತಿಳಿಸುವುದಕ್ಕೆ ಈ ಪತ್ರ.

ಇಷ್ಟೇ ಆಗಿದ್ದರೆ ಗುಮಾಸ್ತರ ಕೈಯಲ್ಲಿ ಎರಡು ಸಾಲು ಬರೆಸಿ ಕಳಿಸಬಹುದಿತ್ತು. ನೀವು, ನಿಮ್ಮ ಅಂತ ಬರೆಯುತ್ತಾ ಹೋದರೆ ಧೈರ್ಯ ಬಂದೀತು ಅಂದುಕೊಂಡಿದ್ದೆ, ಬರಲಿಲ್ಲ. ಎಂಟು ವರ್ಷ ಬೇರೆ ಬೇರೆ ಮನೆಯಲ್ಲಿದ್ದ ಮಾತ್ರಕ್ಕೆ ಗಂಡನನ್ನು ಹೊಸದಾಗಿ ಬಹುವಚನದಲ್ಲಿ ಕರೆಯಲು ನನ್ನಿಂದಾಗದು. ನಿನ್ನ ಹತ್ತಿರ ಒಂದು ಮಾತು ಹೇಳಬೇಕು. ನನಗೆ ನಾಚಿಕೆಯಾಗುತ್ತಿದೆ, ಅದಕ್ಕೇ ಗೋಡೆ, ಗ್ಲೋಬು ಅಂತ ಸುತ್ತಿ ಬಳಸಿ ಬರುತ್ತಿದ್ದೇನೆ.

ನಮ್ಮ ಮೊದಲ ಕೋಣೆ ನೆನಪಿದೆಯಾ? ಗ್ರಂಥಾಲಯದ ಹಿಂದೆ, ಮುರಿದ ಬೆಂಚು ತುಂಬಿಡುವ ಜಾಗ. ಅರ್ಧ ಬೆಂಚುಗಳಿಗೆ, ಅರ್ಧ ನಮಗೆ. ‘ಭೂಗೋಳ ಮತ್ತು ಭೂಗರ್ಭಶಾಸ್ತ್ರ’ ಅಂತ ಬೋರ್ಡು, ಎರಡು ಮೇಜು, ಬೆರಳೆಣಿಕೆಯ ವಿದ್ಯಾರ್ಥಿಗಳು. ಆಗ ಇಡೀ ವಿಶ್ವವಿದ್ಯಾಲಯವೇ ಒಂದು ಕಟ್ಟಡ. ಗಣಿತದವರು ಸೀನಿದರೆ ಇತಿಹಾಸದವರು ಬೆಚ್ಚಿಬೀಳುತ್ತಿದ್ದರು. ಆಮೇಲೆ ಒಂದೊಂದೇ ವಿಭಾಗ ಹುಟ್ಟಿತು, ಕವಲೊಡೆಯಿತು. ವೈದ್ಯಕ್ಕೊಂದು ಕಾಲೇಜು, ಕಾನೂನಿಗೊಂದು, ಎಂಜಿನಿಯರುಗಳಿಗೆ ಲಿಫ್ಟು ಇರುವ ಕಾಲೇಜು. ನಾವು ಮಾತ್ರ ಗ್ರಂಥಾಲಯದ ಹಿಂದೆಯೇ ಉಳಿದೆವು. ಆಗ ನೀನು ಒಂದು ಹಳೆಯ ನಕ್ಷೆಯ ಹಿಂಬದಿಯಲ್ಲಿ ಪೆನ್ಸಿಲಿನಿಂದ ನಮ್ಮ ಕಾಲೇಜನ್ನು ಬರೆಯತೊಡಗಿದೆ. ಕಲ್ಲಿಗೊಂದು ವಿಭಾಗ, ನೆಲಕ್ಕೊಂದು, ನೀರಿಗೊಂದು, ಹವೆಗೊಂದು. ಅದು ಊಟದ ಮೇಜಿನ ಮೇಲೆ ಹಾಸಿಕೊಂಡೇ ಇರುತ್ತಿತ್ತು. ನಾನು ಕಾಫಿ ಲೋಟ ಇಟ್ಟ ಕಡೆ ಗುಂಡಗೆ ಕಲೆಯಾದರೆ ನೀನು ಸಿಟ್ಟಾಗಲಿಲ್ಲ. ಆ ಗೆರೆಯನ್ನೇ ತಿದ್ದಿ ಹವೆಯ ವಿಭಾಗದ ಗಡಿ ಮಾಡಿದೆ.

ವಿಭಾಗ ಒಡೆಯಬೇಕು ಅಂತ ಹಟ ಹಿಡಿದವಳು ನಾನು. ನನ್ನ ಹೆಸರಿಗೂ ಒಂದು ಬೋರ್ಡು ಬೇಕಿತ್ತು. “ಈಗ್ಲೇ ಬೇಡ ಕಣೇ, ಎರಡೂ ಸೊರಗ್ತವೆ” ಅಂತ ನೀನು ಹೇಳಿದ್ದು ನಿಜ. ಮನೆಯೊಂದು ಮೂರು ಬಾಗಿಲು ಅನ್ನುತ್ತಾರಲ್ಲ, ನಮ್ಮದು ಕೋಣೆಯೊಂದು ಎರಡು ಬೋರ್ಡಾಯಿತು. ಬೀರು, ಸ್ಟೂಲು, ಬೀಗದ ಕೈಯವರೆಗೆ ಹಂಚಿಕೊಂಡೆವು. ಹಗಲಿನ ಜಗಳ ಸಂಜೆ ಮನೆಗೂ ಬರತೊಡಗಿತು. ಆ ವರ್ಷವೇ ನೀನು ಎದುರು ಬ್ಲಾಕಿನ ಕ್ವಾರ್ಟರ್ಸಿಗೆ ಹೋದೆ. ಮನೆ ಬೇರೆಯಾಯಿತು, ಊಟ ಬೇರೆಯಾಯಿತು, ಸಭೆಯ ಕುರ್ಚಿ ಮಾತ್ರ ಬೇರೆಯಾಗಲಿಲ್ಲ. ನಿನ್ನ ಎಡಗಡೆಗೆ ಯಾವಾಗಲೂ ನಾನೇ.

ನಿನ್ನ ಎಡಗಿವಿ ಪೂರ್ತಿ ಹೋಗಿದೆ, ಬಲಗಿವಿ ಅರೆಬರೆ ಅನ್ನುವುದು ಗೊತ್ತಿರುವುದು ವೈದ್ಯರಿಗೆ ಮತ್ತು ನನಗೆ. ಕೊಂಡು ತಂದ ಕಿವಿಯ ಯಂತ್ರ ಪೆಟ್ಟಿಗೆ ಬಿಟ್ಟು ಹೊರಗೆ ಬರಲಿಲ್ಲ. “ಕಿವುಡು ಮೇಷ್ಟ್ರು ಅನ್ನಿಸ್ಕೊಳ್ಳೋಕಿಂತ ಕೆಲಸಾನೇ ಬಿಟ್ಟೇನು” ಅಂದಿದ್ದೆ ನೀನು. ತರಗತಿಯಲ್ಲಿ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದು ಕೊಡಬೇಕು ಅಂತ ನಿಯಮ ಮಾಡಿದೆ. ಹುಡುಗರು ಚೀಟಿ ಮೇಷ್ಟ್ರು ಅಂತ ಹೆಸರಿಟ್ಟರು. ವಿಶ್ವವಿದ್ಯಾಲಯ ಅದನ್ನು ಹೊಸ ಬೋಧನಾ ವಿಧಾನ ಅಂತ ಮೆಚ್ಚಿ ಫಲಕ ಕೊಟ್ಟಿತು. ಆಗಿನ್ನೂ ನಮ್ಮದು ಒಂದೇ ಮನೆ. ಅವತ್ತು ನಾವಿಬ್ಬರೂ ಮನೆಗೆ ಬಂದು ಬಾಗಿಲು ಹಾಕಿಕೊಂಡು ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು.

ಸಭೆಗಳಲ್ಲಿ ಚೀಟಿ ನಡೆಯದು, ಅಲ್ಲಿಗೆ ನನ್ನ ಕಾಲು. ಮೇಜಿನ ಕೆಳಗೆ ನಿನ್ನ ಬೂಟನ್ನು ಒಂದು ಸಲ ಒತ್ತಿದರೆ ‘ನಿನ್ನನ್ನೇ ಕೇಳುತ್ತಿದ್ದಾರೆ’ ಅಂತ. ಎರಡು ಸಲ ಒತ್ತಿದರೆ ‘ಒಪ್ಪಬೇಡ’ ಅಂತ. ನೀನು ಕನ್ನಡಕ ತೆಗೆದು ಒರೆಸುತ್ತಾ “ವಿಷಯ ದೊಡ್ಡದು, ಇನ್ನೊಂದ್ಸಲ ಬಿಡಿಸಿ ಹೇಳಿ ಸಾರ್” ಅನ್ನುತ್ತಿದ್ದೆ. ಆಗ ಅವರು ನಿನ್ನ ಕಡೆ ತಿರುಗಿ ನಿಧಾನವಾಗಿ ಹೇಳುತ್ತಿದ್ದರು. ಮಾತು ಬಿಟ್ಟ ವರ್ಷಗಳಲ್ಲೂ ನಾವು ಈ ಕೆಲಸ ಬಿಡಲಿಲ್ಲ.

ಮೊನ್ನೆ ಶುಕ್ರವಾರದ ಸಭೆಯಲ್ಲಿ ನಿನ್ನ ಕಾಲೇಜಿಗೆ ಒಪ್ಪಿಗೆ ಸಿಕ್ಕಿತು. ನಾಲ್ಕೂ ವಿಭಾಗ, ನೀನು ಬರೆದ ಹಾಗೆಯೇ. ಅಷ್ಟನ್ನು ನೀನು ಎದುರಿನ ಹಾಳೆಯಲ್ಲಿ ಓದಿಕೊಂಡೆ, ನಿನ್ನ ಮುಖ ಅರಳಿತು. ಆಮೇಲೆ ಕುಲಪತಿಗಳು ಕಡತದಲ್ಲಿ ತಲೆ ಹುದುಗಿಸಿಕೊಂಡೇ, ತುಟಿ ಕಾಣದ ಹಾಗೆ, ಒಂದು ಮಾತು ಕೇಳಿದರು. “ಹಿರಿತನದಲ್ಲಿ ನೀವೇ ಮೊದಲು. ಆದ್ರೂ ಮೇಡಂ ಅವರನ್ನ ಡೀನ್ ಮಾಡಿದ್ರೆ ನಿಮ್ದೇನೂ ಅಭ್ಯಂತರ ಇಲ್ವಲ್ಲ?”

ನಿನಗೆ ಕೇಳಿಸಲಿಲ್ಲ. ನೀನು ನನ್ನ ಕಾಲಿಗಾಗಿ ಒಂದು ಕ್ಷಣ ಕಾದೆ, ಅದು ನನಗೆ ಗೊತ್ತಾಯಿತು. ನಾನು ಕಾಲನ್ನು ಕುರ್ಚಿಯ ಕೆಳಗೆ ಎಳೆದುಕೊಂಡೆ. ಬಿಸ್ಕತ್ತಿನ ತಟ್ಟೆಯನ್ನು ನೋಡುತ್ತಾ ಕೂತೆ. ಕಾಲು ಬರಲಿಲ್ಲವಲ್ಲ, ಕೇಳಿದ್ದು ನಿನ್ನನ್ನಲ್ಲ ಅಂದುಕೊಂಡು ನೀನು ಎಂದಿನ ಹಾಗೆ ನಕ್ಕು ತಲೆಯಾಡಿಸಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಅವರು ತಟ್ಟಿದ್ದು ನೋಡಿ ನೀನೂ ತಟ್ಟಿದೆ.

ಆಮೇಲಿನಿಂದ ಕಂಡವರೆಲ್ಲ ನಿನ್ನ ದೊಡ್ಡ ಮನಸ್ಸನ್ನು ಹೊಗಳುತ್ತಿದ್ದಾರೆ. ನಿನ್ನೆ ಅತ್ತೆ ಫೋನ್ ಮಾಡಿ, “ನನ್ನ ಮಗ ನಿನಗೇ ಬಿಟ್ಕೊಟ್ನಂತೆ, ಇನ್ನಾದ್ರೂ ಒಂದಾಗ್ರೇ” ಅಂತ ಅತ್ತರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ನಾನು ಫೋನ್ ಹಿಡಿದುಕೊಂಡೇ ನನ್ನ ಕಾಲು ನೋಡಿಕೊಂಡೆ.

ಯಾಕೆ ಹಾಗೆ ಮಾಡಿದೆ ಅಂತ ಕೇಳುತ್ತೀಯ. ಹಳೆಯ ಸಿಟ್ಟು ಅನ್ನೋಣ ಅಂದುಕೊಂಡೆ, ಸುಳ್ಳಾಗುತ್ತದೆ. ಸಿಟ್ಟೆಲ್ಲ ಎಂದೋ ಆರಿದೆ. ಆಸೆಯಾಯಿತು, ಅಷ್ಟೇ. ಮೇಜಿನ ತುದಿಯ ಆ ಕುರ್ಚಿಯ ಮೇಲೆ ಆಸೆಯಾಯಿತು. ಕೇಳಿಸಲಿಲ್ಲ ಅಂತ ನೀನು ಯಾರ ಮುಂದೆಯೂ ಬಾಯಿ ಬಿಡುವುದಿಲ್ಲ ಅನ್ನುವುದೂ ಆ ಕ್ಷಣದಲ್ಲಿ ನನಗೆ ಗೊತ್ತಿತ್ತು. ಹೆಂಡತಿಯಾಗಿ ತಿಳಿದುಕೊಂಡದ್ದನ್ನು ಹೀಗೆ ಬಳಸಿಕೊಂಡೆ. ಇದನ್ನು ಬರೆಯುವಾಗ ಮುಖ ಎಲ್ಲಿಟ್ಟುಕೊಳ್ಳಲಿ ತಿಳಿಯುತ್ತಿಲ್ಲ.

ಸಭೆಯ ನಡಾವಳಿ ಇನ್ನೂ ಪಕ್ಕಾ ಆಗಿಲ್ಲ. ಬರುವ ಶುಕ್ರವಾರ ಸಂಜೆಯೊಳಗೆ ತಿದ್ದುಪಡಿ ಕೊಡಬಹುದು. ಕಿವಿಯ ಸುದ್ದಿಯೇ ಬೇಡ. ‘ಇನ್ನೊಮ್ಮೆ ಯೋಚಿಸಿದೆ, ಆ ಹೊಣೆ ನಾನೇ ಹೊರುತ್ತೇನೆ’ ಅಂತ ಒಂದು ಸಾಲು ಬರೆದು ಕೊಡು. ಅದರ ಕೆಳಗೆ ನಾನೂ ಸಹಿ ಹಾಕುತ್ತೇನೆ. ನಾನೇ ಹೋಗಿ ಹೇಳಿದರೆ ನಿನ್ನ ಗುಟ್ಟು ಬಯಲಾದೀತು ಅಂತ ಸುಮ್ಮನಿದ್ದೇನೆ. ಇದು ನೆಪ ಅಂತ ನಿನಗೆ ಅನ್ನಿಸಬಹುದು. ಈ ಪತ್ರವನ್ನು ಜವಾನರ ಕೈಗೂ ಕೊಡುವುದಿಲ್ಲ. ಈಗಲೇ ಬಂದು ನಿನ್ನ ಬಾಗಿಲ ಸಂದಿಯಲ್ಲಿ ತೂರಿಸಿ ಹೋಗುತ್ತೇನೆ.

ನೀನು ಒಳ್ಳೆಯ ದಿನಗಳಲ್ಲಿ ಕರೆಯುತ್ತಿದ್ದ ಹೆಸರಿನಲ್ಲೇ,

ಕಲ್ಲು

ಮರೆತ ಮಾತು: ಮೇಲೆ ಬರೆದ ಸೋಮವಾರ ಹೋದ ವಾರದ್ದು. ಅವತ್ತು ನಿನ್ನ ಬಾಗಿಲವರೆಗೂ ಬಂದೆ, ಒಳಗೆ ದೀಪ ಉರಿಯುತ್ತಿತ್ತು, ಹಿಂದಿರುಗಿದೆ. ಮರುದಿನ ಕೊಡೋಣ ಅಂದುಕೊಂಡೆ. ಶುಕ್ರವಾರ ಕಳೆಯುವವರೆಗೂ ಪತ್ರ ನನ್ನ ಕೈಚೀಲದಲ್ಲೇ ಇತ್ತು. ನಡಾವಳಿ ಪಕ್ಕಾ ಆಯಿತು, ನಾನು ಡೀನ್ ಆದೆ. ಇವತ್ತು ನಮ್ಮ ಕಾಲೇಜಿನ ಮೊದಲ ಸಭೆ ನಡೆಯಿತು, ನೀನೂ ಇದ್ದೆಯಲ್ಲ. ಹವೆಯ ವಿಭಾಗಕ್ಕೆಂದು ಭೌತಶಾಸ್ತ್ರದಿಂದ ಎರವಲು ಬಂದ ಅಧ್ಯಾಪಕಿ ನಿನ್ನ ಎಡಗಡೆ ಕೂರಲು ಬಂದಳು. ನೀನು ಆ ಕುರ್ಚಿಯ ಮೇಲೆ ನಿನ್ನ ಚೀಲ ಇಟ್ಟು, “ಅಲ್ಲಿ ಬೇಡಮ್ಮ, ಅದು ಮೇಡಂ ಜಾಗ” ಅಂದೆ. ಎಲ್ಲರೂ ನಗುತ್ತಾ ಮೇಜಿನ ತುದಿಯಲ್ಲಿದ್ದ ನನ್ನ ಕಡೆ ಕೈ ತೋರಿಸಿದರು. ನೀನೂ ನಕ್ಕೆ, ಚೀಲ ಮಾತ್ರ ತೆಗೆಯಲಿಲ್ಲ. ಆಮೇಲೆ ನಾನು ಕೇಳಿದ್ದಕ್ಕೆಲ್ಲ ನೀನು ಅಲ್ಲಿಂದಲೇ ತಲೆಯಾಡಿಸುತ್ತಾ ಹೋದೆ.