ವಾಲಿದ ಮುದ್ದೆ

ಮಂಗಳವಾರ, ಜೂನ್ 17

ಇವತ್ತೂ ಮುದ್ದೆ ಗಂಟಾಯಿತು. ಮನೆಯವಳಿಗೆ ಲಕ್ವ ಹೊಡೆದು ಐದು ತಿಂಗಳು. ಅಂದಿನಿಂದ ಅಡುಗೆ ನನ್ನದೇ. ಅವಳು ಸುಮ್ಮನೆ ಉಣ್ಣುತ್ತಿದ್ದಳು. ನಾನು ಕಲಿತುಬಿಟ್ಟೆ ಅಂದುಕೊಂಡಿದ್ದೆ. ಬೈಯಲು ಅವಳಿಗೆ ಮಾತೇ ಸಿಗುತ್ತಿರಲಿಲ್ಲ, ಅಷ್ಟೆ.

ಇವತ್ತು ತಟ್ಟೆ ನೋಡಿ, ತಡವರಿಸಿ ಅಂದಳು: "ಗಂಟು... ಗಂಟು ಕಣ್ರೀ. ಇತ್ಲಾಗ್ ಕೊಡಿ."

ಬಲಗೈಯನ್ನೇ ನೀರಿಗದ್ದಿ, ಗಂಟು ಹಿಚುಕಿ, ಉರುಳಿಸಿ ಮುದ್ದೆ ಕಟ್ಟಿದಳು. ನಿನ್ನೆಯವರೆಗೆ ವ್ಯಾಯಾಮದ ರಬ್ಬರ್ ಚೆಂಡನ್ನೂ ಹಿಡಿಯದ ಕೈ! ಹಳೇ ದಾರಿ ಮುಚ್ಚಿದರೆ ಮಿದುಳು ಹೊಸ ದಾರಿ ಹುಡುಕುತ್ತದೆ ಎಂದು ಡಾಕ್ಟರು ಹೇಳಿದ್ದರು. ಸಮಾಧಾನಕ್ಕೆ ಹೇಳುತ್ತಾರೆ ಅಂದುಕೊಂಡಿದ್ದೆ.

ಮುದ್ದೆ ಒಂದು ಕಡೆ ವಾಲಿತ್ತು. ಹೂಟಗಳ್ಳಿಯ ಕಾರ್ಖಾನೆಯಲ್ಲಿ ಮೂವತ್ತು ವರ್ಷ, ಕೂದಲೆಳೆಯಷ್ಟು ವಾಲಿದ ಪಾರ್ಟನ್ನೂ ವಾಪಸ್ ಕಳಿಸಿದವನು ನಾನು. ಇದನ್ನು ಮುರಿಯಲು ಕೈಯೇ ಬರಲಿಲ್ಲ. ನೋಡುತ್ತಾ ಕೂತಿದ್ದೆ.

"ಉಣ್ಣಿ... ಆರೋಯ್ತದೆ" ಎಂದು ಗದರಿದಳು.

ಐದು ತಿಂಗಳಾಗಿತ್ತು, ಹೀಗೆ ಬೈಸಿಕೊಂಡು.