ವಾಸಂತಿಯ ಉಪವಾಸ

ಮಯೂರ್ ವಿಹಾರ್, ದೆಹಲಿ
16 ಅಕ್ಟೋಬರ್ 2024

ಚಿ. ಸೌ. ವಾಸಂತಿಗೆ ಅಣ್ಣನ ಆಶೀರ್ವಾದಗಳು.

ಹಬ್ಬಕ್ಕೇ ಬರೆಯಬೇಕಿತ್ತು, ತಡವಾಯಿತು, ಬೇಸರಿಸಬೇಡ. ಅಕ್ಷರವೆಲ್ಲ ಕೋಳಿಕಾಲಾಗಿದೆ. ಫೋನಿನಲ್ಲಿ ಹೇಳೋಣವೆಂದರೆ ನೀನು ನನ್ನನ್ನು ಮಾತಾಡಲು ಬಿಡುವವಳಲ್ಲ. ಅದಕ್ಕೇ ನಿನ್ನ ಮಗಳು ಸಿಂಧೂರಳ ಕೈಯಲ್ಲಿ ಈ ಕಾಗದ ಕಳಿಸುತ್ತಿದ್ದೇನೆ.

ಅವಳು ನಿನ್ನೆ ಕಾಲೇಜಿನಿಂದ ನೇರ ಇಲ್ಲಿಗೆ ಬಂದಳು. ನನಗೆ ಹೇಳಬಾರದೆಂದು ಅವಳಿಂದ ಆಣೆ ಹಾಕಿಸಿಕೊಂಡಿದ್ದೆಯಂತೆ. "ಮಾಮ, ಅಮ್ಮ ಬರೀ ನೀರು ಕುಡೀತಾರೆ. ಮೊನ್ನೆ ಕಿಚನ್‌ನಲ್ಲಿ ಚಕ್ಕರ್ ಬಂದು ಬಿದ್ದುಬಿಟ್ರು" ಎಂದು ಅತ್ತಳು. ನವರಾತ್ರಿ ಮುಗಿದು ನಿಮ್ಮ ಸೊಸೈಟಿಯವರೆಲ್ಲ ಪೂರಿ ಹಲ್ವಾ ತಿಂದು ಉಪವಾಸ ಬಿಟ್ಟರೂ ನಿನ್ನ ವ್ರತ ಮುಗಿದಿಲ್ಲವೆಂದು ಆಗ ತಿಳಿಯಿತು. ರವಿಕೆ ಸಡಿಲವಾಗಿದೆ ಎಂದು ಖುಷಿಪಡುತ್ತೀಯಂತೆ.

ನನ್ನ ಲಿವರಿನಲ್ಲಿ ಗಡ್ಡೆ, ನಿನ್ನದರಲ್ಲಿ ಕೊಬ್ಬು. ನಿನ್ನದರ ಒಂದು ತುಂಡು ನನಗೆ ಕೊಡಬೇಕಾದರೆ ನೀನು ತೂಕ ಇಳಿಸಬೇಕು ಎಂದರು ಡಾಕ್ಟರು. ಹೇಗೆ ಇಳಿಸಬೇಕೆಂದೂ ಹೇಳಿದ್ದರಲ್ಲ? ಹೊತ್ತಿಗೆ ಸರಿಯಾಗಿ ಉಣ್ಣಿ, ಮಿತವಾಗಿ ಉಣ್ಣಿ, ದಿನಾ ನಡೆಯಿರಿ, ಹೊಟ್ಟೆ ಕಟ್ಟಿ ಕೂತರೆ ಲಿವರ್ ಇನ್ನಷ್ಟು ಕೆಟ್ಟೀತು ಎಂದು. ಹೊರಗೆ ಬಂದವಳೇ ನೀನು, ಲಂಘನಂ ಪರಮೌಷಧಂ, ಆತನಿಗೇನು ಗೊತ್ತು ಎಂದು ಗೊಣಗಿದೆ. ಊಟ ಬಲ್ಲವನಿಗೆ ರೋಗವಿಲ್ಲ ಎಂಬ ಗಾದೆಯೂ ಇದೆ, ಮಾರಾಯ್ತಿ. ಬೇಕಾದ ಗಾದೆಯನ್ನಷ್ಟೇ ಆರಿಸಿಕೊಳ್ಳುವುದು ನಿನ್ನ ಹಳೇ ಚಾಳಿ.

ಸಣ್ಣವಳಿದ್ದಾಗ ಶಿವರಾತ್ರಿಗೆ ಉಪವಾಸ ಮಾಡಿಯೇ ತೀರುತ್ತೇನೆಂದು ಹಟ ಹಿಡಿದು, ಮಧ್ಯಾಹ್ನವೇ ನನ್ನ ಪಾಲಿನ ಸಜ್ಜಿಗೆಯನ್ನೂ ಮುಗಿಸಿದವಳು ನೀನು. ಅಂಥವಳು ನನಗಾಗಿ ಹಸಿದಿದ್ದೀಯೆಂದು ನೆನೆದರೆ ಬಡಿಸಿದ ತಟ್ಟೆಯನ್ನು ಹಾಗೇ ಸರಿಸಿ ಏಳುತ್ತೇನೆ. ಅಣ್ಣ ತಂಗಿ ಇಬ್ಬರೂ ಉಪವಾಸ ಬಿದ್ದರೆ ನಾನು ಯಾರಿಗೆ ಬೇಯಿಸಲಿ ಎನ್ನುತ್ತಾಳೆ ನಿನ್ನ ಅತ್ತಿಗೆ ಶ್ರೀವಿದ್ಯಾ. ಅವಳ ರಕ್ತದ ಗುಂಪು ನನಗೆ ಹೊಂದಲಿಲ್ಲವೆಂದು ಇಂದಿಗೂ ಒಳಗೇ ಕೊರಗುತ್ತಾಳೆ.

ಇಲ್ಲಿ ಹೊಗೆ ಶುರುವಾಗಿದೆ, ಕಿಟಕಿ ತೆರೆಯುವಂತಿಲ್ಲ. ದಿನವಿಡೀ ಅದೇ ನಾಲ್ಕು ಗೋಡೆ ನೋಡುತ್ತಿರುತ್ತೇನೆ.

ದೇವರು ನಿನಗೆ ಆಯುಸ್ಸು, ಆರೋಗ್ಯ ಕೊಡಲಿ. ಹೊತ್ತು ಹೊತ್ತಿಗೆ ಹಸಿವನ್ನೂ ಕೊಡಲಿ, ಅದಕ್ಕೆ ಸರಿಯಾಗಿ ಉಣ್ಣುವ ಬುದ್ಧಿಯನ್ನೂ ಕೊಡಲಿ.

ನಿನ್ನ ಅಣ್ಣ,
ದಕ್ಷಿಣಾಮೂರ್ತಿ

ತಾ.ಕ.: ಇದನ್ನು ಮೊದಲೇ ಬರೆಯಬೇಕಿತ್ತು, ಮನಸ್ಸು ಬರಲಿಲ್ಲ. ಸೋಮವಾರ ಮತ್ತೆ ಸ್ಕ್ಯಾನ್ ಮಾಡಿದರು. ಗಡ್ಡೆ ಶ್ವಾಸಕೋಶಕ್ಕೂ ಹರಡಿದೆಯಂತೆ. ಇನ್ನು ಲಿವರ್ ಕಸಿ ಮಾಡಿ ಪ್ರಯೋಜನವಿಲ್ಲ ಎಂದರು. ನಿನ್ನಿಂದ ತಡವಾಯಿತೆಂದು ಮಾತ್ರ ಅಂದುಕೊಳ್ಳಬೇಡ. ಸಿಂಧೂರಳಿಗೂ ಹೇಳಿಲ್ಲ. ಇನ್ನು ನನಗಾಗಿ ನೀನು ತೂಕ ಇಳಿಸಬೇಕಾಗಿಲ್ಲ, ವಾಸಂತಿ. ಈ ಕಾಗದ ಮಡಿಚಿಟ್ಟು ಎದ್ದು ಎರಡು ತುತ್ತು ಅನ್ನ ತಿನ್ನು. ಭಾನುವಾರ ಬಾ. ಸಜ್ಜಿಗೆ ಮಾಡಲು ಶ್ರೀವಿದ್ಯಾಗೆ ಹೇಳಿದ್ದೇನೆ. ನನ್ನ ಪಾಲನ್ನೂ ನೀನೇ ತಿನ್ನಬೇಕು.